ಕುದುರೆಗೆ ಕನ್ನಡ ಕಲಿಸಿದವನು

ಕೊಡೈಕಾನಲ್ಲಿಗೆ ಗಾಡಿರಸ್ತೆ ಇಲ್ಲದ ಕಾಲವದು. ಬೆಟ್ಟದ ಬುಡದ ಬಂಗಲೆಯಲ್ಲಿ ತಂಗುವ ಬಿಳಿ ದೊರೆಗಳು ಕುದುರೆ ಸವಾರಿಗೆ ಹೋಗುತ್ತಿದ್ದರು. ನಾನಲ್ಲಿ ಅಡುಗೆಯವನು; ಕುದುರೆ ನೋಡಿಕೊಳ್ಳುತ್ತಿದ್ದವನು ಉತ್ತಮಪಾಳಯದ ಕಡೆಯ ನಮ್ಮ ಕನ್ನಡದವನೇ. ಸುತ್ತೆಲ್ಲ ತಮಿಳಾದರೂ ತನ್ನ ಹೆಣ್ಣುಕುದುರೆಗೆ ಅವನು ಮನೆಮಾತು ಕನ್ನಡವನ್ನೇ ಕಲಿಸಿದ್ದ. ಸವಾರರು ಎಷ್ಟೇ ಲಗಾಮು ಜಗ್ಗಲಿ, ಪಕ್ಕದಲ್ಲೇ ಓಡುತ್ತಿದ್ದ ಅವನು “ನಿಲ್ಲವ್ವ, ನಾನಿದೀನಿ” ಅಂದರೆ ಮಾತ್ರ ಅದು ನಿಲ್ಲುತ್ತಿತ್ತು.

“ಬೇರೇರ ಮಾತು ಕೇಳೋದೂ ಕೊಂಚ ಕಲ್ಸಪ್ಪ,” ಎಂದಿದ್ದೆ ಒಮ್ಮೆ.

“ಯಾಕಣ್ಣ? ನಾನಿದೀನಲ್ಲ,” ಎಂದು ಅದರ ಕಿವಿ ಸವರಿದ್ದ.

ಒಂದು ಬೆಳಗ್ಗೆ ದೊರೆಯೊಬ್ಬ ಅವನನ್ನು ಬರಬೇಡವೆಂದು ಗದರಿ, ಒಬ್ಬನೇ ಬೆಟ್ಟ ಹತ್ತಿದ. ಕುದುರೆ ಹಿಡಿತ ತಪ್ಪಿ ಮೇಲೆ ಪ್ರಪಾತದಂಚಿನ ತಿರುವಿನತ್ತ ನುಗ್ಗುವುದು ನಮಗೆ ಕೆಳಗಿನಿಂದಲೇ ಕಂಡಿತು. ಇವನು ಎದೆ ಬಿರಿಯುವಂತೆ ಕೂಗಿದ. ಅದು ನಿಂತಿತು. ದೊರೆ ಇಳಿದು ಬದುಕಿಕೊಂಡ. ಕುದುರೆ ಮಾತ್ರ ದನಿ ಬಂದ ಕಡೆಗೆ ತಿರುಗಿ, ಅಂಚಿನಿಂದ ನೇರ ಕೆಳಕ್ಕೆ, ಇವನತ್ತ ಹೆಜ್ಜೆ ಇಟ್ಟಿತು.

ಬಂಗಲೆಗೆ ಬೇರೆ ಕುದುರೆ ಬಂತು. ಅವನು ಅದಕ್ಕೆ ಹುರುಳಿ ಇಟ್ಟ, ನೀರಿಟ್ಟ, ದಿನವೂ ಮೈ ತಿಕ್ಕಿದ. ನಾನಲ್ಲಿದ್ದಷ್ಟು ವರ್ಷ ಅದರೊಡನೆ ಒಂದೇ ಒಂದು ಮಾತೂ ಆಡಲಿಲ್ಲ.