ಶಾಂತಿಯಿಂದ ಇರುತ್ತೇನೆಂದು ಬರೆದುಕೊಟ್ಟವಳು

ತಹಶೀಲ್ದಾರ ಕಚೇರಿಯ ನೋಟೀಸು ಮೊದಲ ಸಲ ಬಂದಾಗ ದ್ರಾಕ್ಷಾಯಣಿ ಅದನ್ನು ಸನ್ಮಾನದ ಕರೆ ಎಂದುಕೊಂಡಳು. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಆ ಸಲದ ವಿಧಾನಸಭೆ ಚುನಾವಣೆಗೆ ಗಜೇಂದ್ರಗಡದ ಕೈಮಗ್ಗದ ಸೀರೆ ಉಟ್ಟ ಹೆಂಗಸರನ್ನು ನಿಲ್ಲಿಸಿ ಮತದಾನದ ಪ್ರಚಾರ ಮಾಡುತ್ತಾರಂತೆ ಎಂಬ ಸುದ್ದಿ ನೇಕಾರ ಓಣಿಯಲ್ಲಿ ಹಬ್ಬಿತ್ತು. ಅವಳೋ ಹನ್ನೆರಡನೇ ವಯಸ್ಸಿಗೆ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಗೆ ಇಳಿದವಳು. ಅವಳು ನೇಯ್ದ ಪಟ್ಟೇದಂಚಿನ ಸೀರೆ ಹತ್ತು ವರ್ಷ ಒಗೆದರೂ ಬಣ್ಣ ಬಿಡುತ್ತಿರಲಿಲ್ಲ. ಕರೆಯುವುದಾದರೆ ಇವಳನ್ನಲ್ಲದೆ ಇನ್ನಾರನ್ನು ಕರೆದಾರು? ನೋಟೀಸಿನಲ್ಲಿ ಅವಳಿಗೆ ಓದಲು ಬಂದದ್ದು ತನ್ನ ಹೆಸರು ಮತ್ತು ಚುನಾವಣೆ ಎಂಬ ಪದ, ಅಷ್ಟೇ.

ನೇಕಾರರ ಮನೆಯವರು ಮಾನದ ಕರೆಗೆ ಬರಿಗೈಯಲ್ಲಿ ಹೋಗುವುದಿಲ್ಲ. ಆಗಷ್ಟೇ ಮಗ್ಗದಿಂದ ಕೊಯ್ದ ಸೀರೆಯೊಂದನ್ನು ಮಡಿಚಿ, ಅದರ ಮೇಲೆ ಎಲೆಯಡಿಕೆ ಇಟ್ಟು, ಕಚೇರಿಗೆ ಹೋದಳು.

"ಏನಬೇ ಇದು?" ಎಂದ ಗುಮಾಸ್ತ.

"ಸೀರಿ ರೀ. ಸಾಹೇಬ್ರ ಮನ್ಯಾಗಿನ ಅಕ್ಕಾರಿಗೆ."

ಗುಮಾಸ್ತ ಬಿದ್ದು ಬಿದ್ದು ನಕ್ಕ. "ಮುಚ್ಚಳಿಕಿ ಬರದುಕೊಡಾಕ ಬಂದಾಕಿ ಆಹೇರಿ ತಂದೀಯಲ್ಲ! ಎಲೆಕ್ಷನ್ನಾಗ ಗದ್ದಲ ಮಾಡೂ ಮಂದಿ ಪಟ್ಟಿಯೊಳಗ ನಿನ್ನ ಹೆಸರೈತಿ. ಒಂದು ವರ್ಷ ಶಾಂತಿಯಿಂದ ಇರ್ತೀನಿ ಅಂತ ಸಹಿ ಮಾಡು."

"ನಾ ಕುಣ್ಯಾಗ ಕುಂತು ನೇಯಾಕಿ. ಯಾರ ಕೂಡ ಗದ್ದಲ ಮಾಡ್ಲಿರಿ?"

"ರೋಣದ ರೋಡಿಗೆ ಕೊಡಾ ಇಟಗೊಂಡು ಕುಂತಾಕಿ ನೀನ ಹೌದಿಲ್ಲೊ?"

ಹೌದು, ಅವಳೇ. ಹಿಂದಿನ ಬೇಸಿಗೆಯಲ್ಲಿ ಓಣಿಯ ನಳಕ್ಕೆ ಇಪ್ಪತ್ತೆರಡು ದಿನ ನೀರು ಬಂದಿರಲಿಲ್ಲ. ಹನ್ನೊಂದು ಮಂದಿ ಹೆಂಗಸರನ್ನು ಕಟ್ಟಿಕೊಂಡು, ಖಾಲಿ ಕೊಡಗಳನ್ನು ರಸ್ತೆಗೆ ಅಡ್ಡ ಇಟ್ಟು, ಒಂದೂವರೆ ತಾಸು ಕೂತಳು. ಒಂದು ಕಲ್ಲು ಎತ್ತಲಿಲ್ಲ, ಒಂದು ಕೆಟ್ಟ ಮಾತು ಆಡಲಿಲ್ಲ. ನಿಂತ ಬಸ್ಸಿನ ಡ್ರೈವರ್ ಕೆಳಗಿಳಿದು, "ಚಲೋ ಮಾಡೀರಿ ಬಿಡ್ರಿ, ನಮ್ಮ ಓಣ್ಯಾಗೂ ಬಂದು ಕುಂದರ್ರಿ" ಎಂದು ನಗಿಸಿದ್ದ. ಮೂರನೇ ದಿನ ನೀರು ಬಂತು. ಅದರ ಹಿಂದೆಯೇ ಅವಳ ಮೇಲೆ ಕೇಸೂ ಬಂತು. ಎರಡು ವರ್ಷ ಅಲೆದ ಮೇಲೆ ಕೋರ್ಟು ಆ ಕೇಸನ್ನು ವಜಾ ಮಾಡಿತು. ಪಟ್ಟಿಯಲ್ಲಿ ಸೇರಿದ ಹೆಸರು ಮಾತ್ರ ಅಲ್ಲೇ ಉಳಿಯಿತು.

ಅಂದಿನಿಂದ ವಿಧಾನಸಭೆ, ಲೋಕಸಭೆ, ಪುರಸಭೆ, ಯಾವ ಚುನಾವಣೆ ಬಂದರೂ ಮೊದಲು ಅವಳ ಮನೆಗೆ ನೋಟೀಸು ಬರುತ್ತದೆ. ಗುಂಪು ಕೂಡಿಸುವುದಿಲ್ಲ, ರಸ್ತೆಗೆ ಇಳಿಯುವುದಿಲ್ಲ ಎಂದು ಸಹಿ ಮಾಡಬೇಕು. ಜಾಮೀನಿಗೆ ಒಬ್ಬರು ನಿಲ್ಲಬೇಕು. ಅವಳು ಮಾತು ಮುರಿದರೆ ಅವರ ಆಸ್ತಿಗೆ ಕುತ್ತು. ಪಕ್ಕದ ಮನೆಯ ಸೈಕಲ್ ಅಂಗಡಿಯ ಖಾದರ ಪ್ರತಿ ಸಲವೂ ತನ್ನ ಮನೆಯ ಹಕ್ಕಿನ ಕಾಗದ, ಆ ಉತಾರ, ಹಿಡಿದು ನಿಲ್ಲುತ್ತಾನೆ. "ಎಲೆಕ್ಷನ್ ಬಂತು ಅನ್ನೂದು ನನಗ ಟಿವಿಯಿಂದ ಗೊತ್ತಾಗೂದಿಲ್ಲಕ್ಕ, ನಿನ್ನ ನೋಟೀಸಿನಿಂದನ ಗೊತ್ತಾಗೂದು" ಎಂದು ತಮಾಷೆ ಮಾಡುತ್ತಾನೆ. ಆ ಉತಾರದ ಮನೆಯಲ್ಲಿ ಅವನ ಹೆಂಡತಿ ಲಾಲಬಿ, ಮೂರು ಮಕ್ಕಳು ಇದ್ದಾರೆ. ದ್ರಾಕ್ಷಾಯಣಿಯ ಬಾಯಿ ಕಟ್ಟಿದ್ದು ಪೊಲೀಸರ ಹೆದರಿಕೆಯಲ್ಲ, ಆ ಉತಾರ.

ಮತದಾನದಲ್ಲಿ ಮಾತ್ರ ಕೊರತೆ ಇಲ್ಲ. ಯಾರೂ ಅವಳನ್ನು ತಡೆದಿಲ್ಲ, ಹೆದರಿಸಿಲ್ಲ. ಹದಿನೆಂಟು ತುಂಬಿದಂದಿನಿಂದ ಒಂದು ಮತವನ್ನೂ ಅವಳು ಬಿಟ್ಟಿಲ್ಲ. ಮತಯಂತ್ರದ ಮರೆಯಲ್ಲಿ ನಿಂತಾಗ ಸುಮ್ಮನಿರು ಎನ್ನುವವರು ಯಾರೂ ಇರುವುದಿಲ್ಲ.

ಈ ಸಲದ ಸಂಕ್ರಾಂತಿಯ ಮುಂದೆ ನಳ ಮತ್ತೆ ಒಣಗಿತು. ಮತ್ತೆ ರಸ್ತೆಗೆ ಇಳಿಯೋಣ ಎಂದು ಹೆಂಗಸರು ದ್ರಾಕ್ಷಾಯಣಿಯ ಮನೆಗೆ ಬಂದು ಕೂತರು. ಹಿಂದಿನ ವಿಧಾನಸಭೆಗೆ ಬರೆದುಕೊಟ್ಟ ಮುಚ್ಚಳಿಕೆಯ ವರ್ಷ ಇನ್ನೂ ಮುಗಿದಿರಲಿಲ್ಲ.

"ಯುಗಾದಿ ಕಳೀಲಿ, ತಡೀರಿ" ಎಂದಳು ದ್ರಾಕ್ಷಾಯಣಿ. "ನನ್ನ ವರ್ಷ ಮುಗೀತೈತಿ. ಮುಂದ ನಾನ ನಡೀತೀನಿ."

ತಡೆದರು. ಮೈಲು ದೂರದ ಬೋರಿನಿಂದ ನೀರು ಹೊತ್ತರು. ವರ್ಷ ಮುಗಿಯಲು ಇಪ್ಪತ್ತು ದಿನ ಇದೆ ಎನ್ನುವಾಗ ಲೋಕಸಭೆಯ ನೋಟೀಸು ಬಂತು.

ಈ ಸಲ ಕೋರ್ಟಿನ ಆದೇಶವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಖಾದರನ ಜೊತೆ ನೇರ ಸಾಹೇಬರ ಮುಂದೆ ಹೋಗಿ ನಿಂತಳು. ಸಾಹೇಬರು ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ಆದೇಶವನ್ನು ಪೂರ್ತಿ ಓದಿದರು.

"ಕೇಸ್ ಬಿದ್ದುಹೋಗೇತಿ, ಖರೇ. ಆದ್ರ ಪಟ್ಟಿಯಿಂದ ಹೆಸರ ತೆಗೀಬೇಕಂದ್ರ ಐದು ವರ್ಷ ನಿಮ್ಮ ಮ್ಯಾಲ ಯಾವ ಕ್ರಮಾನೂ ಆಗಿರಬಾರದು."

"ಏನೂ ಆಗಿಲ್ಲಲ್ರಿ."

"ಆಗೇತಲ್ಲ ತಾಯಿ. ನಾಕು ಮುಚ್ಚಳಿಕಿ ಆಗ್ಯಾವ."

"ಅವನ್ನ ಬರಸಕೊಂಡಾವ್ರು ನೀವ ಅಲ್ಲೇನ್ರಿ?"

ಸಾಹೇಬರು ಕಡತದ ಹಾಳೆ ತಿರುವಿದರು. ದ್ರಾಕ್ಷಾಯಣಿ ಸೆರಗು ಸರಿಮಾಡಿಕೊಂಡು, "ಹಂಗಾರ ಈ ಸಲ ನಾ ಸಹಿ ಮಾಡೂದಿಲ್ರಿ" ಎಂದಳು.

"ಮಾಡದಿದ್ರ ಒಳಗ ಕುಂದರಬೇಕಾಕ್ಕೈತಿ. ಒಳಗಿದ್ದಾವ್ರಿಗೆ ಮತ ಹಾಕಾಕ ಬರೂದಿಲ್ಲ."

ಅವಳು ಕೋರ್ಟಿನ ಆದೇಶವನ್ನು ಮತ್ತೆ ಚೀಲದಲ್ಲಿ ಸುತ್ತಿದಳು. ತಾನು ಗದ್ದಲದವಳು ಎಂದು ಒಪ್ಪಿಕೊಂಡರೆ ಮತ ಉಂಟು. ಅಲ್ಲ ಎಂದರೆ ಅದೂ ಇಲ್ಲ.

"ಮಾಡಿಬಿಡಕ್ಕ" ಎಂದ ಖಾದರ, ತಗ್ಗಿದ ದನಿಯಲ್ಲಿ. "ಅಂಗಡಿ ತೆರೀಬೇಕು ನಾ."

"ಇಲ್ಲೊಂದು ಮಾತು ಬರಕೊಳ್ರಿ ಸಾಹೇಬ್ರ, ನಾ ನೀರು ಕೇಳಿದ್ದೆ ಅಂತ."

"ಅದಕ್ಕ ಇದರಾಗ ಜಾಗಾ ಇಲ್ಲವಾ."

ಅವಳು ಸಹಿ ಮಾಡಿದಳು.

ಮತದಾನದ ದಿನ ಮತಗಟ್ಟೆಗೆ ಬಲೂನು ಕಟ್ಟಿದ್ದರು. ಬಾಗಿಲಲ್ಲಿ ಗುಲಾಬಿ ಕೊಟ್ಟರು, ಕುಡಿಯಲು ತಣ್ಣನೆಯ ನೀರು ಕೊಟ್ಟರು. ಮಸಿ ಹಚ್ಚಿದ ಬೆರಳನ್ನು ಎತ್ತಿ ಹಿಡಿಯಲು ಹೇಳಿ ಫೋಟೋ ತೆಗೆದರು. ಅವಳು ಎತ್ತಿ ಹಿಡಿದಳು.

ವಾರ ಕಳೆದ ಮೇಲೆ ಹೆಂಗಸರು ಕೊಡಗಳ ಸಮೇತ ಅವಳ ಬಾಗಿಲಿಗೆ ಬಂದರು. ಮುಂದೆ ಲಾಲಬಿ ಇದ್ದಳು.

"ಅಕ್ಕಾ, ನೀ ನೇಯಕೋಂತ ಕುಂದರು. ಈ ಸಲ ರೋಡಿನ ಮ್ಯಾಲ ಮುಂದ ಕುಂದರಾಕಿ ನಾನು."

ದ್ರಾಕ್ಷಾಯಣಿ ಕುಣಿಯಿಂದ ಎದ್ದು ಬಂದವಳೇ ಲಾಲಬಿಯ ಮಣಿಕಟ್ಟು ಹಿಡಿದಳು. "ಬ್ಯಾಡ."

"ಯಾಕ?"

"ಇವತ್ತ ನಿನ್ನ ಹೆಸರ ಬರಕೊಂತಾರ. ಆಮ್ಯಾಲ ಸಾಯೂತನ ಅಳಸೂದಿಲ್ಲ. ನಿನಗ ಜಾಮೀನು ಯಾರು ನಿಲ್ತಾರ? ಖಾದರನ ಉತಾರ ನನ್ನ ಜಾಮೀನಿಗೆ ಸಿಕ್ಕೈತಿ. ನಾ ನಿಲ್ಲಾಕ ಬರೂದಿಲ್ಲ. ಪಟ್ಟಿಯಾಗ ಇದ್ದಾವ್ರ ಜಾಮೀನು ನಡಿಯೂದಿಲ್ಲ."

"ಮತ್ತ ನೀರಿಗೆ?"

"ಹೊತ್ತು ತರೂಣು."

"ಅವತ್ತ ನಮ್ಮನ್ನೆಲ್ಲಾ ಮನಿಯಿಂದ ಎಳಕೊಂಡು ಹೋದಾಕಿ ನೀನ ಅಲ್ಲೇನಕ್ಕ?"

"ಹೌದು" ಎಂದಳು ದ್ರಾಕ್ಷಾಯಣಿ. ಹಿಡಿದ ಕೈ ಬಿಡಲಿಲ್ಲ.

ಹಿಂದಿನವರು ಒಬ್ಬೊಬ್ಬರಾಗಿ ಕೊಡ ಎತ್ತಿಕೊಂಡು ಬೋರಿನ ಹಾದಿ ಹಿಡಿದರು. ಲಾಲಬಿ ಕೊನೆಗೆ ಕೈ ಕೊಸರಿಕೊಂಡಳು. "ಅವರು ಮುಚ್ಚಳಿಕಿ ಕಾಗದದ ಮ್ಯಾಲ ಬರಸಕೊಂತಾರ. ನೀ ಕಾಗದ ಇಲ್ಲದನ ನನ್ನ ಕಡೆ ಬರಸಕೊಂಡಿ ನೋಡಕ್ಕ" ಎಂದು ತಾನೂ ಅವರ ಹಿಂದೆ ಹೋದಳು.

ದ್ರಾಕ್ಷಾಯಣಿ ಬಾಗಿಲಲ್ಲಿಯೇ ನಿಂತಿದ್ದಳು. ಆಮೇಲೆ ತನ್ನ ಕೊಡವನ್ನೂ ಎತ್ತಿಕೊಂಡಳು.