ಪರೀಕ್ಷೆ ಮುಗಿಯುವವರೆಗೆ ಹಾಕಿದ ಬೀಗ

ದಿಲ್‌ಸುಖ್‌ನಗರದಲ್ಲಿ ಕೋಚಿಂಗ್ ಸೆಂಟರುಗಳ ಬೋರ್ಡಿನ ಹಿಂದೆ ಅರ್ಧ ಮುಚ್ಚಿಹೋದ ಒಂದು ಅಪಾರ್ಟ್‌ಮೆಂಟು, ಅದರ ಮೂರನೆಯ ಮಹಡಿಯಲ್ಲಿ ಶಿವದೇವಿಯ ಮನೆ. ಅದನ್ನು ಮನೆ ಎಂದು ತಿಳಿದಿದ್ದವನು ಅವಳ ಗಂಡ ಮಲ್ಲಿಕಾರ್ಜುನ ಒಬ್ಬನೇ. ರಾಯಚೂರು ಸೀಮೆಯ ಅವರ ಬಂಧುಬಳಗಕ್ಕೆಲ್ಲ ಅದು ಛತ್ರ. ಯಾರಿಗೋ ಕಣ್ಣಿನ ಆಪರೇಶನ್, ಯಾರಿಗೋ ಮದುವೆಯ ಜವಳಿ, ಇನ್ಯಾರಿಗೋ ಕೋಠಿ ಪೇಟೆಯಲ್ಲಿ ಮಾತ್ರ ಸಿಗುವ ಔಷಧಿ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಇಮ್ಲಿಬನ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರೆಲ್ಲ ಒಂದು ಹೊತ್ತಿನ ಊಟಕ್ಕಾದರೂ ಅವಳ ಮನೆಗೆ ಬಂದೇ ಬರುತ್ತಿದ್ದರು.

ಶಿವದೇವಿಗೆ ಅದರಿಂದ ಬೇಸರವಿರಲಿಲ್ಲ. ಬಂದವರಿಗೆ ಮೊದಲು ನೀರು, ಆಮೇಲೆ ಚಹಾ, ಅದು ಮುಗಿಯುವಷ್ಟರಲ್ಲಿ ಬಿಸಿ ಜೋಳದ ರೊಟ್ಟಿ. ಅವಳು ರೊಟ್ಟಿ ಬಡಿಯಲು ಕೂತರೆ ಕೆಳಗಿನ ಮಹಡಿಯವರಿಗೂ ಗೊತ್ತಾಗುತ್ತಿತ್ತು. ಎರಡು ಸಲ ಜೋರಾಗಿ, ಒಂದು ಸಲ ಮೆಲ್ಲಗೆ, ನಡುವೆ ಮರದ ಕೊಣಮಿಗೆಯ ಮೇಲೆ ರೊಟ್ಟಿ ತಿರುಗಿಸಿದ ಸದ್ದು. ಅವಳ ಅವ್ವನ ಕೈಯೂ ಹಾಗೆಯೇ ಇತ್ತು. ಆ ಕಟ್ಟಡದಲ್ಲಿ ಇದ್ದವರೆಲ್ಲ ಅನ್ನ ಉಣ್ಣುವ ತೆಲುಗರು. ಒಮ್ಮೆ ಕೆಳಗಿನ ಮನೆಯಾಕೆ ಮೇಲೆ ಬಂದು, ಗೋಡೆಗೆ ಮೊಳೆ ಹೊಡೆಯುತ್ತಿದ್ದೀರಾ ಎಂದು ಕೇಳಿದ್ದೂ ಉಂಟು. ಶಿವದೇವಿ ಉತ್ತರ ಹೇಳದೆ ಒಂದು ರೊಟ್ಟಿ ಕೊಟ್ಟು ಕಳಿಸಿದ್ದಳು. ಅಂದಿನಿಂದ ದೂರು ನಿಂತಿತು.

ಈ ಸದ್ದಿಗೆ ಈ ವರ್ಷ ಮಲ್ಲಿಕಾರ್ಜುನ ನಿಷೇಧ ಹಾಕಿದ.

ಮಗಳು ಪಿಂಕಿ ಹತ್ತನೆಯ ತರಗತಿ. ಪರೀಕ್ಷೆ ಹತ್ತಿರ ಬಂದು ಓದಲು ರಜೆ ಕೊಟ್ಟಿದ್ದರು. ಅಬಿಡ್ಸ್ ಕಡೆ ಸರ್ಕಾರಿ ಆಫೀಸಿನಲ್ಲಿ ಕೆಲಸ ಮಾಡುವ ಮಲ್ಲಿಕಾರ್ಜುನನಿಗೆ ಸಹೋದ್ಯೋಗಿಯೊಬ್ಬರು ಉಪಾಯ ಹೇಳಿಕೊಟ್ಟಿದ್ದರು. ತಮ್ಮ ಮಗಳು ಓದುವ ಕಾಲಕ್ಕೆ ಅವರು ಹೊರಗಿನ ಕಬ್ಬಿಣದ ಸರಳಿನ ಜಾಲಿ ಬಾಗಿಲಿಗೆ ಬೀಗ ಹಾಕಿಕೊಂಡೇ ಆಫೀಸಿಗೆ ಬರುತ್ತಿದ್ದರಂತೆ. ಬಂದವರು ಬೀಗ ನೋಡಿ ತಾವಾಗಿಯೇ ಹೋಗಿಬಿಡುತ್ತಾರೆ. ಬರಬೇಡಿ ಎಂದು ಹೇಳಿದ ಪಾಪವಿಲ್ಲ, ಬಂದವರಿಗೆ ಬೇಸರವೂ ಇಲ್ಲ. ಮಲ್ಲಿಕಾರ್ಜುನ ಅಂದು ಸಂಜೆಯೇ ಕೋಠಿಯಿಂದ ಅಂಗೈಯಗಲದ ಹಿತ್ತಾಳೆ ಬೀಗ ತಂದ. ಅದಕ್ಕೆ ಎರಡು ಕೀಲಿಕೈ ಇದ್ದವು. ಒಂದು ಕಳೆದುಹೋದರೆ ಇನ್ನೊಂದು ಇರಲಿ ಎಂದು ಎರಡನ್ನೂ ಒಂದೇ ಬಳೆಗೆ ಪೋಣಿಸಿ ಜೇಬಿಗೆ ಹಾಕಿಕೊಂಡ. ಅವನ ಬುದ್ಧಿವಂತಿಕೆ ಯಾವಾಗಲೂ ಈ ತೆರನಾದದ್ದು.

ಬೀಗದ ಜೊತೆಗೆ ನಿಯಮಗಳೂ ಬಂದವು. ಹಗಲು ಟಿ.ವಿ. ಇಲ್ಲ, ಫೋನು ಬಂದ್. ಕುಕ್ಕರಿನ ಸೀಟಿ ಮೆಟ್ಟಿಲವರೆಗೆ ಕೇಳಿಸುತ್ತದೆ, ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಬೇಕು. ರೊಟ್ಟಿಯಂತೂ ಕೂಡದೇ ಕೂಡದು.

"ಒಂದ್ ತಿಂಗಳು ಅನ್ನ ಉಂಡ್ರ ಸಾಯಂಗಿಲ್ಲ," ಎಂದಿದ್ದ ಮಲ್ಲಿಕಾರ್ಜುನ. "ಹುಡುಗಿ ಭವಿಷ್ಯ ಮುಖ್ಯನೋ, ರೊಟ್ಟಿ ಮುಖ್ಯನೋ?"

ಹೀಗೆ ಕೇಳಿದರೆ ಯಾವ ತಾಯಿ ರೊಟ್ಟಿ ಎಂದಾಳು? ಶಿವದೇವಿ ಒಪ್ಪಿದಳು. ನಿಜ ಹೇಳಬೇಕೆಂದರೆ ಮೊದಲ ಎರಡು ದಿನ ಅವಳಿಗೆ ಹಾಯೆನಿಸಿತು. ಯಾರೂ ಬರುವುದಿಲ್ಲ, ಹಾಸಿಗೆ ಮಡಚುವ ಕೆಲಸವಿಲ್ಲ. ಮೂರನೆಯ ದಿನ ಕೊತ್ತಂಬರಿ ಮಾರುವವನ ಕೂಗು ಕೇಳಿ ಎದ್ದು ಚಪ್ಪಲಿ ಮೆಟ್ಟಿಕೊಂಡು, ಒಳಬಾಗಿಲು ತೆಗೆದು ಜಾಲಿಗೆ ಕೈಹಾಕಿದಾಗ ಬೀಗ ಹೊರಗಿದೆಯೆಂಬುದು ನೆನಪಾಯಿತು. ಚಪ್ಪಲಿ ಬಿಚ್ಚಿ ಒಳಗೆ ಬಂದು ಸುಮ್ಮನೆ ಕೂತಳು. ಅಂದಿನಿಂದ ಅವಳಿಗೆ ಮನೆಯ ಗೋಡೆಗಳು ಹತ್ತಿರ ಬಂದಂತಾಯಿತು. ಪಿಂಕಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರಬೇಕು, ನಿದ್ದೆ ಬಂದರೆ ಎಬ್ಬಿಸಬೇಕು. ಅವಳಿಗೆ ತೆಲುಗು ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಇಂಗ್ಲಿಷಂತೂ ದೂರವೇ ಉಳಿಯಿತು. ಮಗಳು ಓದುತ್ತಿದ್ದಾಳೋ, ಅದೇ ಪುಟ ನೋಡುತ್ತ ಕೂತಿದ್ದಾಳೋ ಅವಳಿಗೆ ತಿಳಿಯದು. ಇಬ್ಬರಿಗೂ ಎದ್ದು ಹೋಗುವಂತಿರಲಿಲ್ಲ.

ಹೊರಗೆ ಬಂದವರ ಹೆಜ್ಜೆ ಕೇಳಿಸಿದಾಗ ಇಬ್ಬರೂ ಉಸಿರು ಬಿಗಿಹಿಡಿದು ಕೂರುತ್ತಿದ್ದರು. "ಕೀಲಿ ಐತಿ, ಊರಿಗೆ ಹೋಗ್ಯಾರ ಕಾಣ್ತೈತಿ" ಎಂದು ಯಾರೋ ಹೇಳಿ ಮೆಟ್ಟಿಲಿಳಿದು ಹೋಗುತ್ತಿದ್ದರು. ತನ್ನ ಮನೆಯಲ್ಲೇ ಕಳ್ಳಿಯಂತೆ ಅಡಗಿ ಕೂರುವುದು ಶಿವದೇವಿಗೆ ನಾಚಿಕೆಗೇಡೆನಿಸುತ್ತಿತ್ತು.

ಆದರೆ ಪರೀಕ್ಷೆ ಅವಳಿಂದ ಕಸಿದುಕೊಂಡದ್ದರಲ್ಲಿ ಇದು ದೊಡ್ಡದಲ್ಲ. ದೊಡ್ಡದು ಎರಡು ವರ್ಷಗಳ ಹಿಂದೆಯೇ ಹೋಗಿತ್ತು. ಈಗ ಹಾಸ್ಟೆಲಿನಲ್ಲಿರುವ ಮಗ ಬಸವಕಿರಣನಿಗೆ ಆಗ ಇಂಟರ್ ಪರೀಕ್ಷೆ, ನಮ್ಮ ಕಡೆಯ ಪಿ.ಯು.ಸಿ. ಊರಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ತಮ್ಮ ಬಂಡೆಪ್ಪ ದಿನಾ ಫೋನು ಮಾಡಿ, "ಅಕ್ಕಾ, ಅವ್ವ ನಿನ್ನ ಹೆಸರ ಹಿಡದು ಕೂತಾಳ, ಒಮ್ಮೆ ಬಂದು ಹೋಗು" ಎನ್ನುತ್ತಿದ್ದ. ಇನ್ನೊಂದು ಪೇಪರು ಆಗಲಿ, ಇನ್ನೊಂದು ಆಗಲಿ ಎಂದು ಮಲ್ಲಿಕಾರ್ಜುನ ತಡೆದ, ಅವಳೂ ತಡೆದುಕೊಂಡಳು. ಕೊನೆಯ ಪೇಪರಿನ ಹಿಂದಿನ ದಿನ ಅವ್ವ ಹೋದಳು. ಶಿವದೇವಿ ಊರು ಮುಟ್ಟಿದಾಗ ಮಣ್ಣು ಮಾಡಿ ಎಲ್ಲರೂ ಮನೆಗೆ ಮರಳಿದ್ದರು. ಬಂಡೆಪ್ಪ ಅಕ್ಕನನ್ನು ನೋಡಿ, "ನಿನಗ ಪರೀಕ್ಷೆನ ದೊಡ್ಡದಾತಲ್ಲ" ಎಂದ. ಅಷ್ಟೇ. ಆ ಮೇಲೆ ಅವನು ಫೋನು ಮಾಡಲಿಲ್ಲ, ಇವಳು ಮಾಡಿದರೆ ಎತ್ತಲಿಲ್ಲ. ಪಂಚಮಿ ಹಬ್ಬಕ್ಕೆ ಕರೆಯಲಿಲ್ಲ. ಅಪ್ಪ ಮೊದಲೇ ಇರಲಿಲ್ಲ. ತಮ್ಮ ಮಾತು ಬಿಟ್ಟ ಮೇಲೆ ಶಿವದೇವಿಗೆ ತವರು ಎಂಬುದೇ ಉಳಿಯಲಿಲ್ಲ.

ಅಂದು ಮಧ್ಯಾಹ್ನ ಪಿಂಕಿ ಪುಸ್ತಕ ಮುಚ್ಚಿ ತಾಯಿಯ ಹೆಗಲಿಗೆ ತಲೆಯಿಟ್ಟಳು.

"ಮಮ್ಮಿ, ಬಿಸಿ ರೊಟ್ಟಿ ಮಾಡಿ ಕೊಡು. ಒಂದ ಒಂದು. ಅನ್ನ ನೋಡಿದ್ರ ವಾಕರಿಕೆ ಬರಾಕತ್ತೈತಿ."

"ಅಪ್ಪಗ ಗೊತ್ತಾದ್ರ?"

"ಅಪ್ಪ ಅಬಿಡ್ಸ್‌ನಾಗ ಅದಾರ. ಅಲ್ಲೀಮಟ ಕೇಳಂಗಿಲ್ಲ ನಿನ್ನ ರೊಟ್ಟಿ."

ಶಿವದೇವಿಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು. ಹಿಟ್ಟು ನಾದಿ ಹಂಚು ಕಾಯಲಿಟ್ಟಳು. ಮೊದಲು ಮೆಲ್ಲಗೆ ತಟ್ಟಿದಳು. ಆದರೆ ರೊಟ್ಟಿಗೆ ಕಳ್ಳತನ ಒಗ್ಗುವುದಿಲ್ಲ, ಮೆಲ್ಲಗೆ ತಟ್ಟಿದರೆ ಅಂಚು ಬಿರಿಯುತ್ತದೆ. ಎರಡನೆಯದಕ್ಕೆ ಕೈ ತನ್ನ ಹಳೆಯ ಲಯಕ್ಕೆ ಬಿತ್ತು. ಎರಡು ಜೋರು, ಒಂದು ಮೆಲ್ಲಗೆ. ಅವಳಿಗೆ ತಾನೆಲ್ಲಿ ಇದ್ದೇನೆಂಬುದೇ ಮರೆತುಹೋಯಿತು.

ಬಾಗಿಲಿನ ಬೆಲ್ ಸದ್ದಾಯಿತು.

ಕೈ ಅಲ್ಲಿಗೇ ನಿಂತಿತು. ಹಂಚಿನ ಕೆಳಗಿನ ಉರಿ ಆರಿಸಿ, ಹಿಟ್ಟಿನ ಕೈಯಲ್ಲೇ ತುದಿಗಾಲಲ್ಲಿ ಹೋಗಿ ಬಾಗಿಲಿನ ಗಾಜಿನ ಕಂಡಿಗೆ ಕಣ್ಣಿಟ್ಟಳು. ಹೊರಗೆ ಜಾಲಿಯ ಆಚೆ ಬಂಡೆಪ್ಪ ನಿಂತಿದ್ದ. ಬಿಳಿ ಅಂಗಿ ಬೆವರಿಗೆ ಮೈಗಂಟಿತ್ತು, ಒಂದು ಹೆಗಲಿಗೆ ಚೀಲ, ಇನ್ನೊಂದು ಕಂಕುಳಲ್ಲಿ ಹೊಳೆದಂಡೆಯ ದೊಡ್ಡ ಕಲ್ಲಂಗಡಿ. ತಲೆ ಬೆಳ್ಳಗಾಗಿತ್ತು.

ಬಂದ! ತಾನಾಗಿಯೇ ಬಂದ! ಚಿಲಕಕ್ಕೆ ಶಿವದೇವಿಯ ಕೈ ಹೋಯಿತು, ಹೋದ ಕೈ ಹಾಗೇ ನಿಂತಿತು. ಚಿಲಕ ತೆಗೆದು ಏನು ಹೇಳುವುದು? ಬಾ ತಮ್ಮಾ, ಆದರೆ ಒಳಗೆ ಬರಲಾಗುವುದಿಲ್ಲ, ನನ್ನನ್ನು ಕೂಡಿಹಾಕಿ ಹೋಗಿದ್ದಾರೆ ಎನ್ನಬೇಕೇ? ಯಾಕೆ ಎಂದು ಕೇಳಿದರೆ ಮತ್ತೆ ಪರೀಕ್ಷೆ ಎನ್ನಬೇಕೇ? ಗಂಡ ಹೊರಗಿನಿಂದ ಬೀಗ ಹಾಕಿದ ಮನೆಯಲ್ಲಿ ಅಕ್ಕನನ್ನು ನೋಡಿದರೆ ತಮ್ಮ ಏನಂದುಕೊಂಡಾನು? ಅವಳಿಗೆ ಅವಮಾನದಿಂದ ಮುಖ ಕಾದುಹೋಯಿತು.

ಹೊರಗೆ ಬಂಡೆಪ್ಪ ಬೀಗವನ್ನು ಎತ್ತಿ ನೋಡಿದ, ಬಿಟ್ಟ. ಬಾಗಿಲನ್ನೇ ನೋಡುತ್ತ ನಿಂತ.

"ಅಕ್ಕಾ," ಎಂದ ಮೆಲ್ಲಗೆ.

ಅವಳು ತುಟಿ ಕಚ್ಚಿಕೊಂಡಳು.

"ಒಳಗ ಅದಿ ಅಂತ ಗೊತ್ತೈತಿ. ಮೆಟ್ಟಿಲ ಹತ್ತಬೇಕಾದ್ರ ರೊಟ್ಟಿ ಬಡಿಯೋ ಸಪ್ಪಳ ಕೇಳೀನಿ. ಆ ಕೈ ಅವ್ವಂದು ಬಿಟ್ರ ನಿಂದ." ಕಲ್ಲಂಗಡಿಯನ್ನು ಕಂಕುಳಲ್ಲಿ ಸರಿಪಡಿಸಿಕೊಂಡ. "ಕೀಲಿ ಹಾಕ್ಸಿಕೊಂಡು ಒಳಗ ಕುಂತೀಯೇನು, ನಾ ಬರಬಾರದಂತ? ಇರಲಿ ಬಿಡವಾ. ನಂದೂ ತಪ್ಪೈತಿ."

ಕಲ್ಲಂಗಡಿಯನ್ನು ಜಾಲಿಯ ಬುಡದಲ್ಲಿ ಇಟ್ಟು ತಿರುಗಿದ.

ಅಷ್ಟರಲ್ಲಿ ಪಿಂಕಿ ಹಿಂದೆ ಬಂದು ನಿಂತಿದ್ದಳು. "ಮಾಮಾ ಅಲ್ಲೇನು?" ಎಂದಳು. ಶಿವದೇವಿ ಬೆರಳು ತುಟಿಗಿಟ್ಟು, ಓದು ಹೋಗು ಎಂದು ಕೈಸನ್ನೆ ಮಾಡಿದಳು.

"ನನ್ನ ನೆಪ ಹೇಳಬ್ಯಾಡ ಮಮ್ಮಿ," ಎಂದಳು ಪಿಂಕಿ. ಅವಳ ಕಣ್ಣು ತುಂಬಿತ್ತು. "ಅಮ್ಮಮ್ಮ ಹೋದಾಗ ಅಣ್ಣನ ನೆಪ ಹೇಳಿದ್ರಿ. ಅಂವ ಇನ್ನೂ ಅದನ್ನ ಮರ್ತಿಲ್ಲ. ನನಗ ಅದು ಬ್ಯಾಡ."

ಶಿವದೇವಿ ಚಿಲಕ ಎಳೆದು ಬಾಗಿಲು ತೆರೆದಳು.

"ಬಂಡೂ! ಏ ಬಂಡೂ, ನಿಂದ್ರೋ!"

ಮೆಟ್ಟಿಲ ತಿರುವಿನಲ್ಲಿದ್ದ ಬಂಡೆಪ್ಪ ನಿಂತ. ತಿರುಗಿ ನೋಡಿದರೆ ಅಕ್ಕ ಎರಡೂ ಕೈಯಲ್ಲಿ ಜಾಲಿ ಹಿಡಿದು ನಿಂತಿದ್ದಳು, ಸರಳಿಗೆಲ್ಲ ಜೋಳದ ಹಿಟ್ಟು ಮೆತ್ತಿತ್ತು.

"ನಾ ಹಾಕಿಕೊಂಡಿಲ್ಲೋ ತಮ್ಮಾ. ಕೀಲಿಕೈ ನನ್ನ ಕಡೆ ಇಲ್ಲ."

ಬಂಡೆಪ್ಪ ಬೀಗ ನೋಡಿದ, ಅಕ್ಕನನ್ನು ನೋಡಿದ. ಅವನ ಮುಖ ಕೆಂಪಾಯಿತು. "ಕಲ್ಲ ತಗೊಂಡು ಒಡೀಲೇನು?" ಎಂದ.

"ಬ್ಯಾಡ. ಕೂಡು. ಮದಲ ರೊಟ್ಟಿ ತಿನ್ನು."

ಬಂಡೆಪ್ಪ ಮೆಟ್ಟಿಲ ಹತ್ತಿರ ಚೀಲ ಹಾಕಿ ಕೂತ. ಶಿವದೇವಿ ಒಳಗೆ ಹೋಗಿ ಹಂಚು ಮತ್ತೆ ಕಾಯಲಿಟ್ಟು, ಇಡೀ ಕಟ್ಟಡ ಕೇಳಲಿ ಎಂಬಂತೆ ರೊಟ್ಟಿ ಬಡಿದಳು. ತಟ್ಟೆ ಸರಳಿನ ನಡುವೆ ಹಾಯಲಿಲ್ಲ. ರೊಟ್ಟಿಯನ್ನು ನಾಲ್ಕು ಮಡಿಕೆ ಮಾಡಿ, ಒಳಗೆ ಶೇಂಗಾ ಹಿಂಡಿಯ ಚಟ್ನಿಪುಡಿ ಇಟ್ಟು ಒಂದೊಂದಾಗಿ ಆಚೆ ಕೊಟ್ಟಳು. ಜೈಲಿನಲ್ಲಿದ್ದವರಿಗೆ ಹೊರಗಿನವರು ಊಟ ತಂದುಕೊಡುತ್ತಾರೆ, ಇಲ್ಲಿ ಎಲ್ಲ ತಿರುಗಾಮುರುಗಾ. ಹೊಸ್ತಿಲ ಒಳಗೆ ಅಕ್ಕ, ಹೊರಗೆ ತಮ್ಮ. ಪಿಂಕಿ ಗೋಡೆಗೊರಗಿ ತನ್ನ ರೊಟ್ಟಿ ತಿನ್ನುತ್ತಿದ್ದಳು.

"ಮಗಳ ಲಗ್ನ ಗೊತ್ತಾಗೈತಿ," ಎಂದ ಬಂಡೆಪ್ಪ. "ಫೋನು ಹಚ್ಚಿದೆ, ಬಂದ್ ಇತ್ತು. ಬೀಗರು ಗಡಿಬಿಡಿ ಮಾಡಾಕತ್ತಾರ. ಐನೋರಿಗೆ ಹೇಳೀನಿ, ಮುಹೂರ್ತ ಈಗ ಹಿಡಿಸಬ್ಯಾಡ್ರಿ, ಅಕ್ಕನ ಮನ್ಯಾಗ ಪರೀಕ್ಷೆ ಐತಿ, ಅದು ಯಾವಾಗ ಮುಗಿತೈತಿ ಕೇಳಿಕೊಂಡು ಬರ್ತೀನಿ ಅಂತ. ಸೋದರತ್ತಿ ಇಲ್ಲದ ಅರಿಷಿಣ ಹಚ್ಚೋರು ಯಾರು?"

ಶಿವದೇವಿ ಬಾಗಿಲ ಹಿಂದೆ ಅಡಗಿದ್ದು, ಅವಳ ಮನೆಯ ಪರೀಕ್ಷೆಗಾಗಿ ಮಗಳ ಮುಹೂರ್ತವನ್ನೇ ತಡೆದು ಬಂದ ಈ ತಮ್ಮನಿಂದ. ಸೆರಗು ಬಾಯಿಗೊತ್ತಿಕೊಂಡು ಅತ್ತಳು. ತಮ್ಮನೂ ಆಚೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

"ಏಪ್ರಿಲ್ ಮದಲಿಗೆ ಮುಗಿತೈತಿ," ಎಂದಳು ಕೊನೆಗೆ.

"ಅದು ಮುಗಿದ ವಾರಕ್ಕ ಕಾಲೇಜಿನ ಕ್ಲಾಸು, ಮಾಮಾ," ಎಂದಳು ಪಿಂಕಿ. "ಅಪ್ಪ ಆಗಲೇ ಸೇರಿಸ್ಯಾರ. ಹಾಸ್ಟೆಲು. ಬ್ಯಾಸಿಗಿ ರಜಾನೂ ಇಲ್ಲಂತ."

ಒಂದು ಪರೀಕ್ಷೆಯ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಮುಗಿಯಲಿ ಎಂದು ಕೂತರೆ ಈ ಬೀಗ ತೆರೆಯುವ ದಿನವೇ ಬರುವುದಿಲ್ಲ ಎಂಬುದು ಶಿವದೇವಿಗೆ ಆಗ ಹೊಳೆಯಿತು.

"ಯಾವಾಗರ ಹಿಡಿಸು," ಎಂದಳು. "ನಾ ಬರ್ತೀನಿ. ಪಿಂಕಿನೂ ಬರ್ತಾಳ."

ರಾಯಚೂರಿನ ಬಸ್ಸಿಗೆ ಹೊತ್ತಾಯಿತೆಂದು ಬಂಡೆಪ್ಪ ಎದ್ದ. ಚೀಲದಿಂದ ಕುಪ್ಪಸದ ಖಣ ತೆಗೆದು, ಮಡಚಿ, ಸರಳಿನ ನಡುವೆ ತೂರಿಸಿ ಅಕ್ಕನ ಕೈಗಿಟ್ಟ. ಕಲ್ಲಂಗಡಿ ಮಾತ್ರ ಯಾವ ಕಡೆಯಿಂದ ತಿರುಗಿಸಿದರೂ ಜಾಲಿಯಲ್ಲಿ ಹಾಯಲಿಲ್ಲ. ಅದು ಹೊರಗೇ ಉಳಿಯಿತು.

ಸಂಜೆ ಮಲ್ಲಿಕಾರ್ಜುನ ಬೀಗ ತೆಗೆದು, ಎರಡೂ ಕೈಯಲ್ಲಿ ಕಲ್ಲಂಗಡಿ ತಬ್ಬಿಕೊಂಡು ಒಳಗೆ ಬಂದ. ಕೀಲಿಕೈಗಳ ಬಳೆ ಕಿರುಬೆರಳಿಗೆ ತೂಗುತ್ತಿತ್ತು.

"ಇದನ್ಯಾರು ಇಟ್ಟು ಹೋದ್ರು? ಯಾರರ ಬಂದಿದ್ರೇನು?"

"ನನ್ನ ತವರುಮನಿ ಬಂದಿತ್ತುರಿ," ಎಂದಳು ಶಿವದೇವಿ. "ನೀವು ಹಾಕಿದ ಕೀಲಿ ನೋಡಿ, ಹೊರಗ ಕುಂತು ರೊಟ್ಟಿ ತಿಂದು ಹೋತು."

ಮಲ್ಲಿಕಾರ್ಜುನ ಏನೋ ಹೇಳಲು ಬಾಯಿ ತೆರೆದ. ಅವಳು ಅವನ ಕಿರುಬೆರಳಿನಿಂದ ಬಳೆ ಬಿಡಿಸಿಕೊಂಡಳು. ಕಲ್ಲಂಗಡಿ ಹೊತ್ತವನಿಗೆ ತಡೆಯಲು ಕೈ ಬಿಡುವಿರಲಿಲ್ಲ. ಒಂದು ಕೀಲಿಕೈ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಉಳಿದದ್ದನ್ನು ಅವನ ಜೇಬಿಗೆ ಹಾಕಿದಳು. ಆಮೇಲೆ ಒಳಗೆ ಹೋಗಿ ರಾತ್ರಿಯ ರೊಟ್ಟಿಗೆ ಹಿಟ್ಟು ನಾದಿದಳು.