ವಕೀಲರ ಮನೆಯ ಸುಣ್ಣದ ಹೂವು

ಅದು 1946ರ ಬೇಸಿಗೆ. ನಮ್ಮ ಸೀಮೆಯಲ್ಲಿ ಆಗ ನಿಜಾಮರ ಸರಕಾರ. ಕಚೇರಿ ಕಾಗದಗಳಲ್ಲಿ ಆ ವರ್ಷವನ್ನು ಫಸಲಿ 1355 ಎಂದು ಬರೆಯುತ್ತಿದ್ದರು. ನಾನು ಲಿಂಗಸೂಗೂರಿನಲ್ಲಿ ಗಿಲಾವಿನ ಮೇಸ್ತ್ರಿಯಾಗಿದ್ದೆ. ಹುಟ್ಟಿದ್ದು ಮಸ್ಕಿಯಲ್ಲಿ, ಕೆಲಸ ಕಲಿತದ್ದು ಹೈದರಾಬಾದಿನ ಒಬ್ಬ ಉಸ್ತಾದರ ಕೈಕೆಳಗೆ. ಗೋಡೆಗೆ ಗಿಲಾವು ಮಾಡುವವರು ಊರೂರಿಗೂ ಇದ್ದರು. ಬಾಗಿದ ಅಂಚು, ಮೋಲ್ಡಿಂಗ್ ಇರುವ ಸೀಲಿಂಗಿಗೆ ಕೈ ಹಚ್ಚುವವರು ಮಾತ್ರ ಸಿಂಧನೂರಿನಿಂದ ಇಲ್ಲಿಯವರೆಗೆ ಹುಡುಕಿದರೂ ಸಿಗುವುದು ಕಷ್ಟವಿತ್ತು.

ಆ ವರ್ಷದ ಹೋಳಿ ಹಬ್ಬಕ್ಕೆ ಮುಂಚೆ ನನ್ನ ಹೆಂಡತಿ ಈರಮ್ಮ ತವರೂರು ಬಳಗಾನೂರಿನಲ್ಲಿ ಹೆರಿಗೆಯಾಗಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ನನಗೆ ಅಳು ಬರಲಿಲ್ಲ. ಹಸಿವೆಯೂ ಆಗುತ್ತಿರಲಿಲ್ಲ, ಯಾರಾದರೂ ಎದುರಿಗೆ ಇಟ್ಟರೆ ಉಣ್ಣುತ್ತಿದ್ದೆ. ಕರೆದ ಕಡೆ ಹೋಗುತ್ತಿದ್ದೆ, ಹೇಳಿದ್ದು ಮಾಡುತ್ತಿದ್ದೆ. ಕೈಗೆ ಕೆಲಸ ನೆನಪಿತ್ತು, ಉಳಿದ ಮೈ ಎಲ್ಲೋ ಇತ್ತು.

ವಕೀಲ ಶರಣಪ್ಪನವರು ಹೇಳಿಕಳಿಸಿದ್ದು ಆ ದಿನಗಳಲ್ಲಿ. ಅವರ ತಾಯಿ ನೀಲವ್ವನವರಿಗೆ ಲಕ್ವ ಹೊಡೆದು ಸೊಂಟದ ಕೆಳಗೆ ಸ್ವಾಧೀನ ತಪ್ಪಿ ವರ್ಷಗಳಾಗಿದ್ದವು. ಅವರು ಮಲಗುವ ಕೋಣೆಯ ಸೀಲಿಂಗ್ ಹಕ್ಕಳೆ ಹಕ್ಕಳೆಯಾಗಿ ಉದುರಿ ಹಾಸಿಗೆಯ ಮೇಲೆ ಬೀಳುತ್ತಿತ್ತು. ಕೋಣೆ ಕಟ್ಟಿಸಿದವರು ವಕೀಲರ ತಂದೆ. ಗೋಡೆಯೂ ಸೀಲಿಂಗೂ ಕೂಡುವಲ್ಲಿ ಮೂಲೆಯೇ ಕಾಣದಂತೆ ಅಂಚನ್ನು ಕಮಾನಿನ ಹಾಗೆ ಬಾಗಿಸಿದ್ದರು. ಅದರ ಕೆಳಗೆ ಸುತ್ತಲೂ ಎಲೆಬಳ್ಳಿಯ ಉಬ್ಬುಗೆಲಸದ ಮೋಲ್ಡಿಂಗ್. ನಟ್ಟನಡುವೆ, ದೊಡ್ಡ ಹರಿವಾಣದಷ್ಟಗಲದ ಸುಣ್ಣದ ಹೂವು.

“ಎಲ್ಲಾ ಹೊಸದು ಮಾಡು ಮೇಸ್ತ್ರಿ. ಅಪ್ಪಾರ ಹೂವಿಗೆ ಮಾತ್ರ ಧಕ್ಕಿ ಆಗಬಾರ್ದು” ಎಂದರು ವಕೀಲರು.

ತಾಯಿಯ ಮಂಚವನ್ನು ಪಡಸಾಲೆಗೆ ಸರಿಸಿದರು. ಬಾಗಿಲು ತೆರೆದಿದ್ದರೆ ಅಲ್ಲಿಂದ ನಾವು ಕಾಣುತ್ತಿದ್ದೆವು. ನಾನು, ನನ್ನ ಜೊತೆಗಾರ ಖಾಸಿಂ ಅಟ್ಟಣಿಗೆ ಕಟ್ಟಿ ಕೆಲಸ ಹಿಡಿದೆವು.

ಇಂಥ ಸೀಲಿಂಗಿನ ಒಳಗಿರುವುದು ಮರದ ತೊಲೆಗಳು. ತೊಲೆಗಳಿಗೆ ತೆಳ್ಳನೆಯ ಪಟ್ಟಿಗಳನ್ನು ಸಂದು ಬಿಟ್ಟು ಮೊಳೆ ಹೊಡೆದಿರುತ್ತಾರೆ. ಸೆಣಬಿನ ನಾರು ಕಲಸಿದ ಸುಣ್ಣದ ಗಚ್ಚನ್ನು ಕೆಳಗಿನಿಂದ ಒತ್ತಿದರೆ ಅದು ಸಂದಿನೊಳಗೆ ಹೋಗಿ ಆಚೆ ಬದಿ ಗಂಟುಕಟ್ಟಿ ಹಿಡಿಯುತ್ತದೆ. ಆ ಗಂಟು ಮುರಿದರೆ ಗಿಲಾವು ನಿಂತಿರುವುದು ಬರೀ ರೂಢಿಯ ಮೇಲೆ. ಮೋಲ್ಡಿಂಗಿಗೆ ಫರ್ಮಾ ಬೇಕು. ತಗಡನ್ನು ಬೇಕಾದ ಆಕಾರಕ್ಕೆ ಕತ್ತರಿಸಿ ಹಲಗೆಗೆ ಬಡಿದ ಸಾಧನ ಅದು. ಹಸಿ ಗಚ್ಚಿನ ಮೇಲೆ ಅದನ್ನು ಉದ್ದಕ್ಕೆ ಎಳೆಯುತ್ತ ಹೋದರೆ ಗೆರೆಗಳು ಮೂಡುತ್ತವೆ; ಎಲೆಗಳನ್ನು ಆಮೇಲೆ ಕೈಯಿಂದ ತಿದ್ದಬೇಕು. ಎಲ್ಲಕ್ಕೂ ಕೊನೆಗೆ ಸ್ಕಿಮ್ ಕೋಟ್. ತಿಂಗಳುಗಟ್ಟಲೆ ನೆನೆಸಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಬೆಣ್ಣೆಯಂತಾದ ಮೇಲೆ ತೆಳ್ಳಗೆ ಎಳೆಯುವುದು. ಹಿಡಿದರೆ ನಡುವೆ ಬಿಡುವಂತಿಲ್ಲ. ಬಿಟ್ಟಲ್ಲಿ ಗೆರೆ ಉಳಿಯುತ್ತದೆ.

ಕತ್ತು ಮೇಲೆತ್ತಿ ಮಾಡುವ ಕೆಲಸವಾದ್ದರಿಂದ ಸುಣ್ಣ ಕಣ್ಣಿಗೆ ಸಿಡಿಯುತ್ತದೆ. ಆ ದಿನಗಳಲ್ಲಿ ನನ್ನ ಕಣ್ಣಿಂದ ನೀರು ಇಳಿದದ್ದು ಅದಕ್ಕಷ್ಟೆ.

ಒಂದು ಮಧ್ಯಾಹ್ನ ಖಾಸಿಂ ನಮಾಜಿಗೆ ಹೋಗಿದ್ದಾಗ ಪಡಸಾಲೆಯಿಂದ ನೀಲವ್ವನವರು ಕೂಗಿದರು. “ಏನೋ ತಮ್ಮಾ, ಆ ಖಾಸಿಂ ಒಬ್ಬನ ಮಾತಾಡ್ತಾನ. ನಿನಗ ಬಾಯಿ ಇಲ್ಲೇನು?”

“ಐತ್ರಿ ಅವ್ವಾರ.”

“ಯಾರು ಹೋಗ್ಯಾರ?”

ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. “ಹೇಣ್ತಿರಿ. ಕೂಸೂ ಹೋತು” ಎಂದೆ. ಬೇರೆಯವರ ಮನೆಯ ಸುದ್ದಿ ಹೇಳಿದ ಹಾಗಿತ್ತು ನನ್ನ ದನಿ. ಅವರು ಅಯ್ಯೋ ಅನ್ನಲಿಲ್ಲ. “ಹ್ಞೂಂ” ಎಂದರು. ನಾನು ಮತ್ತೆ ಕರಣಿ ಹಿಡಿದೆ.

ಬಾಗಿದ ಅಂಚು ಮುಗಿಯಿತು. ಮೋಲ್ಡಿಂಗ್ ಮುಗಿಯಿತು. ಸ್ಕಿಮ್ ಹಿಡಿಯುವ ಮುಂಚೆ ಹೂವನ್ನು ಬೆರಳ ಗಣ್ಣಿನಿಂದ ತಟ್ಟಿ ನೋಡಿದೆ. ಒಂದು ಬದಿ ಟೊಳ್ಳು ಸದ್ದು. ಹಿಂದಿನ ಗಂಟುಗಳು ಮುರಿದು ಅರ್ಧ ಹೂವು ಪಟ್ಟಿಯಿಂದ ಬಿಟ್ಟಿತ್ತು. ವಕೀಲರಿಗೆ ಹೇಳಿದೆ.

“ಉಳಿಸಾಕ ಬರಂಗಿಲ್ಲೇನು?”

“ಬರತೈತ್ರಿ ಸಾಹೇಬ್ರ. ಉದ್ದನ ಸ್ಕ್ರೂ ಹಾಕಿ ತೊಲಿಗೆ ಬಿಗೀತೀನಿ.”

“ಹಂಗ ಮಾಡು” ಎಂದು ಅವರು ಕೋರ್ಟಿಗೆ ಹೋದರು.

ನಾವು ಮಾತಾಡಿದ್ದು ನೀಲವ್ವನವರಿಗೆ ಕೇಳಿಸಿತ್ತು. ನಾನು ಸ್ಕ್ರೂ ತೆಗೆದುಕೊಂಡು ಅಟ್ಟಣಿಗೆ ಹತ್ತುವಾಗ ಕರೆದರು. “ಮೇಸ್ತ್ರಿ, ನನ್ನ ಮಂಚ ಇದ್ದ ಜಾಗಾದಾಗ ಒಂದೀಟು ಅಂಗಾತ ಮಲಗು.”

ಯಾಕೆಂದು ಕೇಳದೆ ಮಲಗಿದೆ. ಕೇಳುವ ಅಭ್ಯಾಸವೇ ಹೋಗಿತ್ತು. ಅಟ್ಟಣಿಗೆಯ ಹಲಗೆಗಳ ನಡುವೆ ಹೂವು ನೆಟ್ಟಗೆ ಕಂಡಿತು. ನಿಂತಾಗ ಕಾಣದ ಓರೆ ಮಲಗಿದಾಗ ಕಂಡಿತು. ಅದರ ಒಂದು ಎಸಳು ಕೆಳಕ್ಕೆ ಬಾಗಿತ್ತು.

“ಬಿದ್ರ ಎಲ್ಲಿ ಬೀಳತೈತಿ?”

“ಎದೀ ಮ್ಯಾಲರಿ ಅವ್ವಾರ.”

“ನನಗ ಮಗ್ಗಲಾ ಹೊಳ್ಳಿ ಮಲಗಾಕ ಬರಂಗಿಲ್ಲ, ತಮ್ಮಾ. ಕಣ್ಣು ತೆರದ್ರ ಅದ, ಮುಚ್ಚಿದ್ರೂ ಅದ. ಎಷ್ಟು ವರ್ಷ ಆತೋ ನಿದ್ದಿ ಹತ್ತಿಲ್ಲ.”

“ಸ್ಕ್ರೂ ಹಾಕಿದ್ರ ಬೀಳಂಗಿಲ್ರಿ.”

“ಬೀಳಂಗಿಲ್ಲ ಅಂತ ನಿನಗ ಗೊತ್ತು. ನನ್ನ ಕಣ್ಣಿಗೆ ಯಾರು ಹೇಳಬೇಕು?” ಎಂದವರು ಮುಂದುವರಿಸಿದರು: “ಗಂಡ ಆಸಿ ಪಟ್ಟು ಮಾಡಿಸಿದ್ದು. ತೆಗೆಸು ಅಂತ ಮಗಗ ಹೆಂಗ ಅನ್ಲಿ?”

ನಾನು ಏಳಬೇಕಿತ್ತು. ಏಳಲು ಆಗಲಿಲ್ಲ. ಈರಮ್ಮ ಸತ್ತ ಮೇಲೆ ಹಗಲಲ್ಲಿ ನೆಲಕ್ಕೆ ಬೆನ್ನು ಹಚ್ಚಿದ್ದು ಅದೇ ಮೊದಲು. ಕೈಕಾಲು ಕಲ್ಲಾದವು. ಈ ಮುದುಕಿ ಹೀಗೆಯೇ ವರ್ಷಗಟ್ಟಲೆ ಮಲಗಿದ್ದಾಳೆ ಎಂಬುದಷ್ಟೇ ತಲೆಯಲ್ಲಿತ್ತು. ಅವರು ನನ್ನನ್ನು ಎಬ್ಬಿಸಲಿಲ್ಲ. ಖಾಸಿಂ ಹೊರಗಿನಿಂದ ಬಂದು ನೋಡಿ ಗಾಬರಿಯಾದಾಗ, “ಇರ್ಲಿ ಬಿಡಪಾ, ಮಲಗ್ಲಿ” ಎಂದರು.

ಸಂಜೆ ವಕೀಲರು ಬಂದಾಗ ಸ್ಕ್ರೂ ಹಾಗೆಯೇ ಇದ್ದವು. ನಾನು ನೀಲವ್ವನವರ ಮಂಚದ ಪಕ್ಕ ನಿಂತು, “ಸಾಹೇಬ್ರ, ಹೂವು ಇಳಸ್ರಿ. ಅವ್ವಾರಿಗೆ ಅಂಜಿಕಿ ಆಗತೈತಿ” ಎಂದೆ.

ಅವರ ಮುಖ ಕೆಂಪಾಯಿತು. “ನಮ್ಮನಿ ವಿಚಾರ ನಿನಗ್ಯಾಕ? ಅವ್ವ ಒಂದಿನಾನೂ ಹಂಗ ಅಂದಿಲ್ಲ!” ತಾಯಿಯ ಕಡೆ ತಿರುಗಿ, “ಏನವ್ವಾ, ಅಂದಿ ಏನು?” ಎಂದರು.

“ಅಂದಿಲ್ಲಪ್ಪ” ಎಂದರು ನೀಲವ್ವ. “ನೀನೂ ಕೇಳಿಲ್ಲ.”

ವಕೀಲರು ಕೋಟು ಬಿಚ್ಚಲಿಲ್ಲ. ಕೋಣೆಯೊಳಗೆ ಹೋಗಿ ಹೂವಿನ ಕೆಳಗೆ ಬಹಳ ಹೊತ್ತು ನಿಂತರು. ಹೊರಗೆ ಬಂದು ನನ್ನ ಮುಖ ನೋಡದೆ, “ಇಳಸು” ಎಂದರು.

ಮರುದಿನ ಹಗ್ಗ ಕಟ್ಟಿ, ಹಿಂದಿನ ಪಟ್ಟಿಗಳ ಮೊಳೆಗಳನ್ನು ಬಿಡಿಸಿ, ನಾವಿಬ್ಬರೂ ಮನೆಯ ಆಳುಗಳೂ ಸೇರಿ ಹೂವನ್ನು ಇಳಿಸಿದೆವು. ವಕೀಲರು ಕೋರ್ಟಿಗೆ ಹೋಗದೆ ಕೆಳಗಿನಿಂದ ಕೈ ಕೊಟ್ಟರು. ಬಿಟ್ಟುಕೊಂಡಿದ್ದ ಬದಿಯ ಎಸಳು ಅವರ ಅಂಗೈಯಲ್ಲೇ ಪುಡಿಯಾಯಿತು. ಅವರು ಅದನ್ನು ನೋಡಿದರು. ಉಳಿದದ್ದನ್ನು ಗೋಣಿಯಲ್ಲಿ ಸುತ್ತಿ ಒಳಗೆ ಇಟ್ಟರು.

ಹೂವಿದ್ದ ಜಾಗದ ತೂತು ಮುಚ್ಚಿ, ಅದು ಆರಿದ ಮೇಲೆ, ಒಂದು ಬೆಳಿಗ್ಗೆ ಸ್ಕಿಮ್ ಹಿಡಿದು ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಓಟಕ್ಕೆ ಎಳೆದೆವು. ನುಣುಪು ಕಲ್ಲಿನಿಂದ ತಿಕ್ಕಿದ ಮೇಲೆ, ಎಲೆಬಳ್ಳಿಯಿಂದ ಮೇಲಕ್ಕೆ ಗೋಡೆ ಎಲ್ಲಿ ಮುಗಿದು ಸೀಲಿಂಗ್ ಎಲ್ಲಿ ಶುರುವಾಯಿತು ಎಂಬುದು ಕಾಣಲಿಲ್ಲ. ನಡುವೆ ಬರೀ ಬಿಳುಪು.

ಸುಣ್ಣ ಪೂರ್ತಿ ಆರಿದ ದಿನ ಮಂಚವನ್ನು ಒಳಗೆ ತಂದರು. ನಾವು ಅಟ್ಟಣಿಗೆಯ ಹಲಗೆಗಳನ್ನು ಹೊರಗೆ ಸಾಗಿಸುತ್ತಿದ್ದೆವು. ನೀಲವ್ವನವರು ಮೇಲೆ ನೋಡಿದರು. “ಏನೂ ಇಲ್ಲ” ಎಂದರು. ಹೊಗಳಿಕೆಯೋ ಏನೋ ತಿಳಿಯಲಿಲ್ಲ. ಮುಂದಿನ ಹಲಗೆಗೆ ಒಳಗೆ ಬಂದಾಗ ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದರು. ವಕೀಲರು ಬಾಗಿಲಲ್ಲಿ ನಿಂತು ಸದ್ದು ಮಾಡಬೇಡಿ ಎಂದು ಕೈಸನ್ನೆ ಮಾಡಿದರು.

ನನಗೆ ಸಂತೋಷವಾಯಿತು ಎಂದು ಹೇಳಿದರೆ ಸುಳ್ಳಾದೀತು. ಆ ವರ್ಷ ನನಗೆ ಏನೂ ಅನ್ನಿಸಲಿಲ್ಲ. ಅಳು ಬಂದದ್ದು ಮರುವರ್ಷದ ಮಳೆಗಾಲದಲ್ಲಿ, ಗುರುಗುಂಟಾದಲ್ಲಿ, ಯಾವ ಕಾರಣವೂ ಇಲ್ಲದೆ, ಗಚ್ಚು ಕಲಸುತ್ತಿರುವಾಗ. ಆದರೆ ವೃತ್ತಿಯ ಒಂದು ಪಾಠ ಅಂದೇ ಕೈಗೆ ಹತ್ತಿತ್ತು. ಉಸ್ತಾದರು ನನಗೆ ಸೀಲಿಂಗನ್ನು ಏಣಿಯ ಮೇಲೆ ನಿಂತು ನೋಡಲು ಕಲಿಸಿದ್ದರು. ಅದರ ಕೆಳಗೆ ಬದುಕುವವರು ನೋಡುವುದು ಮಲಗಿಕೊಂಡು. ಆಮೇಲೆ ಯಾವ ಮನೆಗೆ ಹೋದರೂ ಮೊದಲು ಟವೆಲು ಹಾಸಿ ನೆಲದ ಮೇಲೆ ಅಂಗಾತ ಮಲಗುತ್ತಿದ್ದೆ. ಜನ ನಗುತ್ತಿದ್ದರು. ನಕ್ಕು ಮುಗಿಯಲಿ ಎಂದು ಕಾಯುತ್ತಿದ್ದೆ. ಎದ್ದ ಮೇಲೆ, ಎಂಥ ಮೋಲ್ಡಿಂಗ್ ಬೇಕು ಎಂದು ಕೇಳುವ ಮುಂಚೆ, ಮನೆಯವರನ್ನು ಕೇಳುತ್ತಿದ್ದೆ:

“ಈ ಕೋಣ್ಯಾಗ ಯಾರು ಮಲಗ್ತಾರ್ರಿ? ಅವರನ್ನ ಒಂದೀಟು ಕರೀರಿ.”